ಹನ್ನೊಂದು ಮೀನು ಸತ್ತದ್ದು ದೃಷ್ಟಿಯಿಂದಲ್ಲ!

ತಿಕ್ಕಿ ತೊಳೆದದ್ದೇ ತಪ್ಪಾಯಿತು. ಬೀದಿಯವರ ನೀರೂ ಚರಂಡಿ ಪಾಲಾಯಿತು

ತುಮಕೂರು: ಮೀನು ಸತ್ತಿತೆಂದು ಯಾರೂ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸುವುದಿಲ್ಲ. ಬರೆಸುವ ಹಾಗಿದ್ದಿದ್ದರೆ ಮಂಡಿಪೇಟೆಯಲ್ಲಿ ಬೇಳೆಕಾಳು ವ್ಯಾಪಾರ ಮಾಡುವ ಯಜಮಾನರೊಬ್ಬರು 2025ರ ಯುಗಾದಿಗೆ ಆರು ದಿನ ಮುಂಚಿನ ಸೋಮವಾರ ಅಂಗಡಿ ಬಾಗಿಲು ತೆಗೆಯುವುದು ಬಿಟ್ಟು ನೇರ ಠಾಣೆಗೇ ಹೋಗುತ್ತಿದ್ದರು. ಅವರ ಮನೆ ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿ ಭಾನುವಾರ ಸಂಜೆ 14 ಗೋಲ್ಡ್‌ಫಿಶ್ ಓಡಾಡಿಕೊಂಡಿದ್ದವು. ಬೆಳಗಾಗುವ ಹೊತ್ತಿಗೆ 11 ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಳಿದ ಮೂರು ನೀರಿನ ಮೇಲಕ್ಕೆ ಬಾಯಿ ಇಟ್ಟು ಗುಟುಕು ಗುಟುಕು ಗಾಳಿ ಎಳೆಯುತ್ತಿದ್ದವು.

ಆರೋಪಿಗಳಿಗೇನೂ ಬರವಿರಲಿಲ್ಲ. ಹಿಂದಿನ ವಾರ ಬಂದ ನೆಂಟರ ದೃಷ್ಟಿ ತಾಗಿದೆ ಎಂದರು ಮನೆಯಾಕೆ. ಅಂಗಡಿಯವನು ರೋಗದ ಮೀನು ಕಟ್ಟಿ ಕಳಿಸಿದ್ದಾನೆ ಎಂದರು ಯಜಮಾನರು. ಏಳು ವರ್ಷದ ಮೊಮ್ಮಗಳು ಪಕ್ಕದ ಮನೆ ಬೆಕ್ಕಿನ ಮೇಲೆ ಬೆರಳು ತೋರಿಸಿದಳು. ಭಾನುವಾರ ಕೈಯಲ್ಲಿ ಬ್ರಷ್ಷು ಹಿಡಿದಿದ್ದವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಭಾನುವಾರ ನಡೆದದ್ದು

ಹಬ್ಬ ಹತ್ತಿರ ಬಂತು, ಮನೆಗೆ ಸುಣ್ಣ ಬಣ್ಣ ಆಯಿತು, ತೊಟ್ಟಿ ಮಾತ್ರ ಪಾಚಿ ಕಟ್ಟಿಕೊಂಡು ಯಾಕಿರಬೇಕು ಎಂದು ಯಜಮಾನರು ಪಂಚೆ ಎತ್ತಿ ಕಟ್ಟಿದ್ದರು. ಮೀನುಗಳನ್ನು ಎರಡು ಟಬ್ಬಿಗೆ ಹಾಕಿದರು. ನೀರನ್ನೆಲ್ಲ ಚರಂಡಿಗೆ ಬಿಟ್ಟರು. ತಳದ ಕಲ್ಲು, ಗೋಡೆ ಎಲ್ಲಕ್ಕೂ ಬ್ಲೀಚಿಂಗ್ ಪೌಡರ್ ಎರಚಿ ಗಸಗಸ ತಿಕ್ಕಿದರು. ಒಂದು ಸಲ ಜಾಲಾಡಿ, ನಲ್ಲಿ ಪೈಪಿಗೆ ಮೋಟಾರು ಹಚ್ಚಿ ತೊಟ್ಟಿ ತುಂಬಿಸಿದರು. ತಳದಲ್ಲಿ ಎಂಟಾಣೆ ಬಿದ್ದರೂ ಕಾಣುವಷ್ಟು ತಿಳಿಯಾದ ನೀರು. ಮೀನು ಬಿಟ್ಟರು. ಸಂಜೆ ಕಾರಂಜಿ ಹಾಕಿ ಮನೆಮಂದಿಯೆಲ್ಲ ನೋಡಿ ಸಂತೋಷಪಟ್ಟರು. ಮಲಗುವಾಗ ಕರೆಂಟು ಉಳಿಯಲೆಂದು ಕಾರಂಜಿ ಸ್ವಿಚ್ಚು ಆರಿಸಿದರು.

ಬೇಸಿಗೆಯಲ್ಲಿ ನಲ್ಲಿ ಬರುವ ದಿನಕ್ಕೆ ಕಾಯುವ ಬೀದಿ ಅದು. ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬಂದರೆ ಉಂಟು, ಇಲ್ಲದಿದ್ದರೆ ಟ್ಯಾಂಕರು. ಅವತ್ತು ನೀರು ಬಿಟ್ಟಿದ್ದರು. ಆದರೆ ಯಜಮಾನರ ಮನೆ ದಾಟಿ ಆಚೆಗಿನ ನಾಲ್ಕು ಮನೆಗಳ ನಲ್ಲಿಯಲ್ಲಿ ಬರೀ ಗಾಳಿ ಬಂತು. ಮೂರನೆಯ ಮನೆಯ ಅಜ್ಜಿ ಆರು ಕೊಡ ಸಾಲಾಗಿಟ್ಟು ಮಧ್ಯಾಹ್ನದವರೆಗೂ ಕೂತಿದ್ದರು. ಎದುರಿನ ಚರಂಡಿಯಲ್ಲಿ ಮಾತ್ರ ನೀರು ಹೊಳೆಯಾಗಿ ಹರಿಯುತ್ತಿತ್ತು.

“ಅಲ್ಲ ಕಣಪ್ಪಾ, ನಿನ್ನ ಮೀನಿಗೆ ಸ್ನಾನ ಮಾಡ್ಸೋಕೆ ನಮ್ಮ ಅನ್ನದ ನೀರೇ ಬೇಕಾಗಿತ್ತಾ?” ಎಂದು ಅಜ್ಜಿ ಸಂಜೆ ಬಂದು ಕೇಳಿದಾಗ ಯಜಮಾನರು ಉತ್ತರ ಕೊಡದೆ ಒಳಗೆ ಹೋದರಂತೆ. ನಲ್ಲಿಗೆ ನೇರವಾಗಿ ಮೋಟಾರು ಹಚ್ಚುವುದು ಕಾನೂನಿಗೆ ವಿರುದ್ಧ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಹಾಗಾದರೆ ಹೋದ ನೀರೆಷ್ಟು? ತೊಟ್ಟಿ 8 ಅಡಿ ಉದ್ದ, 5 ಅಡಿ ಅಗಲ, ಎರಡೂವರೆ ಅಡಿ ಆಳ. ಗುಣಿಸಿದರೆ 100 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಒಟ್ಟು ಸುಮಾರು 2,800 ಲೀಟರ್. 15 ಲೀಟರಿನ ಕೊಡದ ಲೆಕ್ಕದಲ್ಲಿ 187 ಕೊಡ. ಒಮ್ಮೆ ಚೆಲ್ಲಿದ್ದು ಅಷ್ಟು, ಮತ್ತೆ ತುಂಬಿದ್ದು ಅಷ್ಟು.

ಮೋಟಾರೂ ಸುಟ್ಟಿತು

ದೇವರು ಕೊಟ್ಟ ಶಿಕ್ಷೆಯೋ, ಗಾಳಿ ಎಳೆದ ಫಲವೋ, ಆ ಮೋಟಾರಿನ ಕಾಯಿಲ್ಲೂ ಅವತ್ತೇ ಸುಟ್ಟುಹೋಗಿತ್ತು. ಸೋಮವಾರ ಅದನ್ನು ಬಿ.ಎಚ್. ರಸ್ತೆ ಕಡೆಯ ಒಂದು ವೈಂಡಿಂಗ್ ಅಂಗಡಿಗೆ ಒಯ್ದರು. ಅಲ್ಲಿನ ಮೆಕ್ಯಾನಿಕ್ಕು ಐವತ್ತರ ಆಸುಪಾಸಿನ ಮನುಷ್ಯ. ಏನು ಮಾಡ್ತಿದ್ರಿ ಎಂದು ಕೇಳಿದ. ಯಜಮಾನರು ಮೋಟಾರಿನ ಕಥೆಯ ಜೊತೆಗೆ ಮೀನಿನ ಕಥೆಯನ್ನೂ ಹೇಳಿಕೊಂಡರು.

ಮೆಕ್ಯಾನಿಕ್ಕು ಕೈ ಒರೆಸಿಕೊಂಡು ಅವರನ್ನು ಅಂಗಡಿ ಹಿಂಭಾಗಕ್ಕೆ ಕರೆದೊಯ್ದ. ಅಲ್ಲೊಂದು ಸಿಮೆಂಟು ತೊಟ್ಟಿ. ಗೋಡೆಯ ತುಂಬ ಹಸಿರು ಪಾಚಿ. ಪಕ್ಕದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಅದರ ಕುತ್ತಿಗೆಯ ಪೈಪಿನಿಂದ ನೀರು ತೊಟ್ಟಿಗೆ ಸಣ್ಣಗೆ ಬೀಳುತ್ತಿತ್ತು. ಒಳಗೆ ಅಂಗೈ ಅಗಲದ ಕೆಂಪು ಮೀನುಗಳು.

“ಒಂಬತ್ತು ವರ್ಷ ಆಯ್ತು ಯಜಮಾನ್ರೇ. ಒಂದ್ಸಲಾನೂ ಪೂರ್ತಿ ಖಾಲಿ ಮಾಡಿಲ್ಲ, ಒಂದ್ಸಲಾನೂ ತಿಕ್ಕಿಲ್ಲ.”

ಯಜಮಾನರು ಮೂಗು ಹತ್ತಿರ ತಂದು ನೋಡಿದರು. ವಾಸನೆ ಇರಲಿಲ್ಲ. ಮಳೆ ಬಿದ್ದ ಮಣ್ಣಿನ ಹಾಗೆ ಒಂದಿಷ್ಟು ಘಮ, ಅಷ್ಟೇ.

ಕೊಂದದ್ದು ಯಾರು?

ಮೆಕ್ಯಾನಿಕ್ಕು ಹೇಳಿದ ವಿವರ ಮೀನು ಸಾಕುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದದ್ದು.

ಗೋಲ್ಡ್‌ಫಿಶ್ ನಮ್ಮ ಗೆಂಡೆ ಮೀನಿನ ನೆಂಟ. ಸುಮಾರು ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಕೊಳಗಳಲ್ಲಿ ಸಾಕಿ ಪಳಗಿಸಿದ ಜಾತಿ. ಇದಕ್ಕೆ ನಮ್ಮಂತೆ ಜಠರ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹಾಗಾಗಿ ದಿನವಿಡೀ ತಿನ್ನುತ್ತದೆ, ದಿನವಿಡೀ ಹೊಲಸು ಮಾಡುತ್ತದೆ. ಕಣ್ಣಿಗೆ ಕಾಣುವ ಹೊಲಸಿಗಿಂತ ಕಾಣದ್ದೇ ಅಪಾಯ. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ. ಬಸ್ ಸ್ಟ್ಯಾಂಡಿನ ಮೂತ್ರಾಲಯದ ಮುಂದೆ ನಡೆದರೆ ಮೂಗಿಗೆ ಹೊಡೆಯುತ್ತದಲ್ಲ, ಅದೇ ಅಮೋನಿಯ. ನಾವು ಮೂಗು ಮುಚ್ಚಿಕೊಂಡು ಓಡಿಹೋಗಬಹುದು. ತೊಟ್ಟಿಯ ಮೀನು ಎಲ್ಲಿಗೆ ಓಡಬೇಕು?

ಇದನ್ನು ತೆಗೆಯುವ ಜಾಡಮಾಲಿಗಳು ತೊಟ್ಟಿಯೊಳಗೇ ಇರುತ್ತಾರೆ. ಕಲ್ಲಿನ ಮೇಲೆ, ಗೋಡೆಯ ಮೇಲೆ ಕೈಗೆ ಜಾರುವ ಲೋಳೆ ಇರುತ್ತದಲ್ಲ, ಅದರಲ್ಲಿ ಕೋಟ್ಯಂತರ ಬ್ಯಾಕ್ಟೀರಿಯ ವಾಸ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಇದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಅಷ್ಟು ಅಪಾಯವಿಲ್ಲ. ಗಿಡಕ್ಕಂತೂ ಒಳ್ಳೆ ಗೊಬ್ಬರ.

ಯಜಮಾನರು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ಚರಂಡಿಗೆ ಕಳಿಸಿದ್ದು ಈ ಜಾಡಮಾಲಿಗಳನ್ನೇ. ಸಿಮೆಂಟಿನ ಸಂದಿಯಲ್ಲಿ ಉಳಿದ ಪೌಡರ್ ಒಂದು ಕಡೆ. ನಲ್ಲಿ ನೀರಿನಲ್ಲಿ ಜನರ ಆರೋಗ್ಯಕ್ಕೆಂದು ಬೆರೆಸಿದ ಕ್ಲೋರಿನ್ ಇನ್ನೊಂದು ಕಡೆ. ಮನುಷ್ಯನಿಗೆ ರಕ್ಷೆಯಾದದ್ದು ಮೀನಿನ ಕಿವಿರನ್ನು ಸುಡುತ್ತದೆ. ಸಾಲದ್ದಕ್ಕೆ ರಾತ್ರಿ ಕಾರಂಜಿ ಆರಿಸಿ ನೀರಿನ ಅಲುಗಾಟವನ್ನೂ ನಿಲ್ಲಿಸಿದರು.

“ದೃಷ್ಟಿ ಅಲ್ಲ, ಬೆಕ್ಕೂ ಅಲ್ಲ ಸ್ವಾಮಿ. ನೀವು ಮಾಡಿದ್ದು ಮಡಿ. ಆ ಮಡೀನೇ ಮೀನಿಗೆ ಮುಳುವಾಯ್ತು,” ಎಂದ ಮೆಕ್ಯಾನಿಕ್ಕು. ಯಜಮಾನರು ಸ್ಟೂಲಿನ ಮೇಲೆ ಕೂತುಬಿಟ್ಟರು.

ಡ್ರಮ್ಮಿನ ಒಳಗೇನಿದೆ

ನೀಲಿ ಡ್ರಮ್ಮು 200 ಲೀಟರಿನದು. ರಾಸಾಯನಿಕ ತುಂಬಿದ್ದ ಡ್ರಮ್ಮು ಆಗಬಾರದು. ತಿನ್ನುವ ಪದಾರ್ಥದ್ದೇ ಬೇಕು. ತೊಟ್ಟಿಯ ತಳದಲ್ಲಿ ಸ್ಪಂಜು ಸುತ್ತಿದ ಸಣ್ಣ ಪಂಪು. ಅದು ನೀರನ್ನು ಡ್ರಮ್ಮಿನ ತಳಕ್ಕೆ ತಂದು ಬಿಡುತ್ತದೆ. ತಳದ ಮುಕ್ಕಾಲು ಅಡಿ ಖಾಲಿ ಜಾಗ. ನೀರು ಅಲ್ಲಿ ನಿಧಾನವಾಗುವುದರಿಂದ ದಪ್ಪ ಹೊಲಸು ಕೂತುಕೊಳ್ಳುತ್ತದೆ. ಅದನ್ನು ಆಗಾಗ ಬಿಡಲು ಒಂದು ವಾಲ್ವು. ಅದರ ಮೇಲೆ ತೂತಿನ ಜಾಲರಿ. ಜಾಲರಿ ಮೇಲೆ ತೊಳೆದ ಜಲ್ಲಿ, ಇಟ್ಟಿಗೆ ಚೂರು. ಅದರ ಮೇಲೆ ನೈಲಾನ್ ಬಲೆಯ ಉಂಡೆಗಳು. ನೀರು ಇವುಗಳ ಸಂದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಏರಿ, ಕುತ್ತಿಗೆಯ ಪೈಪಿನಿಂದ ತೊಟ್ಟಿಗೆ ವಾಪಸು ಬೀಳುತ್ತದೆ.

ಜಲ್ಲಿ, ಬಲೆಯ ಕೆಲಸ ಕಸ ಸೋಸುವುದಷ್ಟೇ ಅಲ್ಲ. ಅವು ಆ ಬ್ಯಾಕ್ಟೀರಿಯಕ್ಕೆ ಮನೆ. ಮನೆ ಹೆಚ್ಚಿದಷ್ಟೂ ಒಕ್ಕಲು ಹೆಚ್ಚು.

ಇದರಲ್ಲಿ ಎಡವುವ ಜಾಗ ಒಂದುಂಟು. ಒಳಕ್ಕೆ ಬರುವ ಪೈಪು ಮುಕ್ಕಾಲು ಇಂಚಾದರೆ ಹೊರಕ್ಕೆ ಹೋಗುವುದು 2 ಇಂಚು ಇರಬೇಕು. ಒಳಕ್ಕೆ ಪಂಪು ನೂಕುತ್ತದೆ. ಹೊರಕ್ಕೆ ನೀರು ತಾನಾಗಿ ಇಳಿಯಬೇಕು. ಎರಡೂ ಒಂದೇ ಅಳತೆ ಮಾಡಿದರೆ ಡ್ರಮ್ಮು ತುಂಬಿ ಹೊರಚೆಲ್ಲಿ, ಬೆಳಗಾಗುವಷ್ಟರಲ್ಲಿ ತೊಟ್ಟಿಯೇ ಬರಿದಾಗುತ್ತದೆ.

ಕಟ್ಟೆ ಇಳಿಸಿದ ಮೇಲೆ

ಯಜಮಾನರು ಅದೇ ವಾರ ಡ್ರಮ್ಮು ತಂದರು. ಜಲಪಾತದ ಹಾಗೆ ಕಾಣಲಿ ಎಂದು ಮೂರಡಿ ಎತ್ತರದ ಕಟ್ಟೆ ಕಟ್ಟಿಸಿ ಅದರ ಮೇಲಿಟ್ಟರು. ಪಂಪಿನ ಡಬ್ಬಿಯ ಮೇಲೆ ಗಂಟೆಗೆ 2,000 ಲೀಟರ್ ಎಂದು ಅಚ್ಚಾಗಿತ್ತು. ನೋಡಲು ಬಂದ ಮೆಕ್ಯಾನಿಕ್ಕು 15 ಲೀಟರಿನ ಬಕೆಟ್ಟು ಹಿಡಿದು, ಮೊಬೈಲಿನಲ್ಲಿ ಸೆಕೆಂಡು ಎಣಿಸಿದ. ಬಕೆಟ್ಟು ತುಂಬಲು 75 ಸೆಕೆಂಡು. ಅಂದರೆ ಗಂಟೆಗೆ ಬರೀ 720 ಲೀಟರ್.

“ಡಬ್ಬಿ ಲೆಕ್ಕ ಎತ್ತರ ಇಲ್ಲದಾಗಿನ ಲೆಕ್ಕ. ಎತ್ತರಕ್ಕೆ ಏರಿಸಿದಷ್ಟೂ ಪಂಪು ಸೋಲುತ್ತೆ. ಕೆಳಗಿನಿಂದ ಎರಡನೇ ಮಹಡಿಗೆ ಬೇಳೆ ಮೂಟೆ ಹೊರೋ ಹಮಾಲಿ ಎಷ್ಟು ಸಲ ಹೊರ್ತಾನೆ ಹೇಳಿ?”

ವ್ಯಾಪಾರಸ್ಥರಿಗೆ ಈ ಲೆಕ್ಕ ತಕ್ಷಣ ಅರ್ಥವಾಯಿತು. ಕಟ್ಟೆ ಒಡೆಸಿ ಡ್ರಮ್ಮನ್ನು ನೆಲಕ್ಕೆ ಇಳಿಸಿದರು. ಮತ್ತೆ ಅಳೆದಾಗ 36 ಸೆಕೆಂಡು. ಗಂಟೆಗೆ 1,500 ಲೀಟರ್. ತೊಟ್ಟಿಯ ನೀರಷ್ಟೂ ಎರಡು ಗಂಟೆಗೊಮ್ಮೆ ಡ್ರಮ್ಮಿನ ಮೂಲಕ ಹಾದುಬಂದರೆ ಸಾಕು ಎಂಬುದು ರೂಢಿಯ ಲೆಕ್ಕ. 2,800 ಲೀಟರಿಗೆ ಅದು ಸರಿಹೋಯಿತು.

ಹರಿವಿನ ದಿಕ್ಕೂ ಮುಖ್ಯ. ಪಂಪು ತೊಟ್ಟಿಯ ಒಂದು ತುದಿ, ವಾಪಸು ಬೀಳುವ ನೀರು ಇನ್ನೊಂದು ತುದಿ. ಎರಡೂ ಪಕ್ಕಪಕ್ಕ ಇದ್ದರೆ ಅಲ್ಲಲ್ಲೇ ನೀರು ಸುತ್ತುತ್ತದೆ, ದೂರದ ಮೂಲೆ ಕೊಳೆಯುತ್ತದೆ. ಹಾಗಂತ ರಭಸವಾಗಿ ಧುಮುಕಬಾರದು. ಎರಡು ಬಾಲದ, ದಪ್ಪ ಹೊಟ್ಟೆಯ ಗೋಲ್ಡ್‌ಫಿಶ್ ಈಜುವುದರಲ್ಲಿ ಸೋಮಾರಿ. ಸೆಳೆತ ಜಾಸ್ತಿಯಾದರೆ ದಣಿದು ಸಾಯುತ್ತದೆ. ಪೈಪಿನ ತುದಿಗೆ ತೂತು ತೂತಿನ ಕೊಳವೆ ಅಡ್ಡ ಇಟ್ಟು ನೀರು ಹರಡಿ ಬೀಳುವ ಹಾಗೆ ಮಾಡಿದರು.

ಬೇಸಿಗೆಯಲ್ಲಿ ಈ ಬೀಳುವ ನೀರಿಗೆ ಬೆಲೆ ಹೆಚ್ಚು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 30 ಡಿಗ್ರಿ ಆದರೆ ಏಳೂವರೆ ಮಾತ್ರ. ರಾತ್ರಿ ಪಾಚಿಯೂ ಆಮ್ಲಜನಕ ಕುಡಿಯುವುದರಿಂದ ಬೆಳಗಿನ ಜಾವ ಅದು ಇನ್ನೂ ಕಡಿಮೆ. ಆ ಹೊತ್ತಿನಲ್ಲಿ ಪಂಪು ಆರಿಸುವುದು ಮಲಗಿದವನ ಮುಖಕ್ಕೆ ದಿಂಬು ಒತ್ತಿದ ಹಾಗೆ. ಕರೆಂಟು ಬಿಲ್ಲಿನ ಭಯವಿದ್ದವರು ಲೆಕ್ಕ ಹಾಕಿ ನೋಡಬಹುದು: 40 ವ್ಯಾಟಿನ ಪಂಪು ಹಗಲೂ ರಾತ್ರಿ ನಡೆದರೂ ದಿನಕ್ಕೆ ಒಂದು ಯೂನಿಟ್ಟಿಗೆ ಚೂರು ಕಡಿಮೆ, ತಿಂಗಳಿಗೆ 29 ಯೂನಿಟ್ಟು.

ಕರೆಂಟು ಹಲವು ಗಂಟೆ ಹೋದರೆ? ಡ್ರಮ್ಮಿನೊಳಗೆ ನಿಂತ ನೀರು ಉಸಿರುಗಟ್ಟಿ ಕೆಡುತ್ತದೆ. ಕರೆಂಟು ಬಂದ ಕೂಡಲೇ ಅದನ್ನು ತೊಟ್ಟಿಗೆ ನೂಕಬಾರದು. ಮೊದಲು ವಾಲ್ವು ತೆಗೆದು ಆ ನೀರು ಗಿಡಕ್ಕೆ ಬಿಟ್ಟು ಆಮೇಲೆ ಪಂಪು ಹಾಕಬೇಕು. ಕರೆಂಟು ಇಲ್ಲದಿರುವಾಗ ಚೊಂಬಿನಲ್ಲಿ ಮೊಗೆದು ಎತ್ತರದಿಂದ ಸುರಿಯುತ್ತಿದ್ದರೂ ಮೀನಿಗೆ ಜೀವ ಬರುತ್ತದೆ.

ಮೆಕ್ಯಾನಿಕ್ಕು ಎರಡೆರಡು ಸಲ ಹೇಳಿದ ಮಾತು ಇನ್ನೊಂದಿದೆ. ನೀರಿನಲ್ಲಿ ಪಂಪು ಇರುವ ಮನೆಯಲ್ಲಿ ಅರ್ಥಿಂಗ್ ಸರಿ ಇರಬೇಕು, ಸೋರಿಕೆಯಾದರೆ ತಾನಾಗಿ ಬೀಳುವ ಇ.ಎಲ್.ಸಿ.ಬಿ. ಸ್ವಿಚ್ಚು ಇರಬೇಕು, ಸ್ವಿಚ್ಚು ಆರಿಸದೆ ಯಾರೂ ನೀರಿಗೆ ಕೈ ಹಾಕಬಾರದು. “ಮೀನು ಹೋದ್ರೆ ಮತ್ತೆ ತರಬಹುದು ಯಜಮಾನ್ರೇ, ಮಗು ಕೈ ಹಾಕಿದ್ರೆ?”

ಹೆಪ್ಪು ಹಾಕಿದರು

ಹೊಸ ಡ್ರಮ್ಮು ಇಟ್ಟ ಮಾತ್ರಕ್ಕೆ ಕೆಲಸ ಶುರುವಾಗುವುದಿಲ್ಲ. ಬ್ಯಾಕ್ಟೀರಿಯ ತಾನಾಗಿ ಬಂದು ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಮೆಕ್ಯಾನಿಕ್ಕು ತನ್ನ ಡ್ರಮ್ಮಿನಿಂದ ಕಂದು ಬಣ್ಣಕ್ಕೆ ತಿರುಗಿದ ಎರಡು ಹಿಡಿ ನೈಲಾನ್ ಬಲೆ ತೆಗೆದು, ಅದೇ ನೀರಿನಲ್ಲಿ ಅದ್ದಿ, ಒಣಗುವ ಮುಂಚೆ ತಂದು ಯಜಮಾನರ ಡ್ರಮ್ಮಿಗೆ ಹಾಕಿದ.

ಮನೆಯಾಕೆಗೆ ಇದು ತಟ್ಟನೆ ಹೊಳೆಯಿತು. “ಅಲ್ಲಾರೀ, ಇದು ಹಾಲಿಗೆ ಹೆಪ್ಪು ಹಾಕಿದ ಹಾಗಲ್ವಾ? ಹೆಪ್ಪಿನ ಬಟ್ಟಲನ್ನ ಬ್ಲೀಚಿಂಗ್ ಹಾಕಿ ತೊಳೆದುಬಿಟ್ಟು ಮೊಸರು ಯಾಕೆ ಆಗ್ಲಿಲ್ಲ ಅಂತ ಕೂತಿದ್ರಲ್ಲ!”

ಹೌದು, ಅಷ್ಟೇ ಸಂಗತಿ. ಆ ಆರು ವಾರ ಉಳಿದ ಮೂರು ಮೀನನ್ನೇ ಇಟ್ಟುಕೊಂಡರು. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ತಿಂಡಿ. ಮೇ ತಿಂಗಳ ಕೊನೆಗೆ ಐದು ಹೊಸ ಮೀನು ತಂದರು. ಡ್ರಮ್ಮಿನ ಬಲೆ ಕಟ್ಟಿಕೊಂಡಾಗ ನಲ್ಲಿ ಕೆಳಗೆ ಹಿಡಿಯುವುದಿಲ್ಲ. ತೊಟ್ಟಿಯಿಂದಲೇ ಒಂದು ಬಕೆಟ್ಟು ನೀರು ತೆಗೆದು ಅದರಲ್ಲಿ ಅದ್ದಿ ಹಿಂಡುತ್ತಾರೆ. ಅದೂ ಒಂದು ಸಲಕ್ಕೆ ಅರ್ಧ ಮಾತ್ರ. ಇನ್ನರ್ಧ ಮುಂದಿನ ತಿಂಗಳಿಗೆ.

ಇನ್ನು ನೀರು ಬದಲಾವಣೆ. ಎಷ್ಟು ಸೋಸಿದರೂ ಕೊನೆಗೆ ನೈಟ್ರೇಟ್ ಉಳಿದೇ ಉಳಿಯುತ್ತದೆ. ಅದಕ್ಕಾಗಿ ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು ಮಾತ್ರ ತೆಗೆಯುತ್ತಾರೆ: 560 ಲೀಟರ್, 37 ಕೊಡ. ಒಂದು ತೊಟ್ಟೂ ಚರಂಡಿಗೆ ಹೋಗುವುದಿಲ್ಲ. ತೆಂಗು, ಬಾಳೆ, ಮಲ್ಲಿಗೆಗೆ ಮೊದಲು ನಲ್ಲಿ ನೀರೇ ಹಾಕುತ್ತಿದ್ದರು. ಈಗ ಇದೇ ನೀರು. ಹೊಸದಾಗಿ ತುಂಬುವ ನೀರನ್ನು ಬಾಯಿ ಅಗಲದ ಡ್ರಮ್ಮುಗಳಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು, ಕ್ಲೋರಿನ್ ಹಾರಿದ ಮೇಲೆ ಬಿಡುತ್ತಾರೆ. ಅವಸರವಿದ್ದವರು ಮೀನಿನ ಅಂಗಡಿಯಲ್ಲಿ ಹರಳು ತರುವುದುಂಟು. ಅದು ಬೇರೇನೂ ಅಲ್ಲ, ಹಿಂದೆ ಫೋಟೋ ಸ್ಟುಡಿಯೋದವರು ಕತ್ತಲೆ ಕೋಣೆಯಲ್ಲಿ ಬಳಸುತ್ತಿದ್ದ ಹೈಪೋ. ಬೋರ್ ನೀರಿಗೆ ಕ್ಲೋರಿನ್ ಕಾಟ ಇಲ್ಲ, ಆದರೆ ಅದರಲ್ಲಿ ಆಮ್ಲಜನಕ ಕಡಿಮೆ. ಎತ್ತರದಿಂದ ಚಿಮ್ಮಿಸಿ ತುಂಬಬೇಕು.

ಸೊಳ್ಳೆಯ ಮಾತು

ಹಿತ್ತಲಲ್ಲಿ ನೀರು ನಿಲ್ಲಿಸಿದರೆ ಸೊಳ್ಳೆ ಆಗುವುದಿಲ್ಲವೇ ಎಂದು ಅಕ್ಕಪಕ್ಕದವರು ಕೇಳುವುದು ನ್ಯಾಯವೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು: ಪಟ್ಟಣದ ಮನೆಗೆ 400 ರೂ., ಅಂಗಡಿ ಮುಂಗಟ್ಟಿಗೆ 1,000 ರೂ. ಆದರೆ ಡೆಂಗಿ ಸೊಳ್ಳೆಗೆ ಬೇಕಾದದ್ದು ಅಲುಗಾಡದ, ಮೀನಿಲ್ಲದ ನೀರು. ಹರಿಯುವ ತೊಟ್ಟಿಯಲ್ಲಿ ಅದು ಮೊಟ್ಟೆ ಇಟ್ಟರೂ ಮರಿಹುಳುವನ್ನು ಗೋಲ್ಡ್‌ಫಿಶ್ ನುಂಗಿಹಾಕುತ್ತದೆ. ಇದೇ ಸೂತ್ರದ ಮೇಲೆ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಗಪ್ಪಿ, ಗಂಬೂಸಿಯ ಮೀನು ಬಿಡುವುದು. ಅಪಾಯ ಇರುವುದು ತೊಟ್ಟಿಯಲ್ಲಲ್ಲ, ಪಕ್ಕದಲ್ಲಿ ಮರೆತು ಬಿಟ್ಟ ಬಕೆಟ್ಟು, ಟೈರು, ಒಡೆದ ಕುಂಡದಲ್ಲಿ. ನೀರು ಹಣ್ಣಾಗಲು ಇಟ್ಟ ಡ್ರಮ್ಮಿಗೂ ತೆಳು ಬಟ್ಟೆ ಕಟ್ಟಬೇಕು.

ಇನ್ನೊಂದು ಮಾತು. ಸಾಕಿ ಬೇಸರವಾಯಿತೆಂದು ಗೋಲ್ಡ್‌ಫಿಶ್ ತಂದು ಅಮಾನಿಕೆರೆಗೋ ಊರ ಕೆರೆಗೋ ಬಿಡುವ ಪುಣ್ಯ ಯಾರೂ ಕಟ್ಟಿಕೊಳ್ಳಬಾರದು. ಹೊರಗಿನ ಜಾತಿ ಅದು; ಬದುಕಿಕೊಂಡರೆ ಕೆರೆಯ ತಳ ಕೆದಕಿ ಸ್ಥಳೀಯ ಮೀನಿನ ಬದುಕು ಕೆಡಿಸುತ್ತದೆ. ಬೇಡದಿದ್ದರೆ ಅಂಗಡಿಗೇ ವಾಪಸು ಕೊಡಬಹುದು.

ಬೀದಿಯ ಲೆಕ್ಕ

ನಲ್ಲಿಗೆ ಹಚ್ಚುತ್ತಿದ್ದ ಮೋಟಾರಿಗೆ ಹೊಸ ಕಾಯಿಲ್ಲು ಸುತ್ತಿಸಿದ್ದಾರೆ. ಆದರೆ ಅದೀಗ ನಲ್ಲಿ ಹತ್ತಿರ ಇಲ್ಲ. ನೆಲದ ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಕೆಲಸಕ್ಕೆ ಹಾಕಿದ್ದಾರೆ. ಹಾಗೆ ಮಾಡಿಸಿದ್ದು ಮೆಕ್ಯಾನಿಕ್ಕು. “ನಲ್ಲಿಗೆ ಹಚ್ಚೋದಾದ್ರೆ ಬೇರೆ ಕಡೆ ಹೋಗಿ, ನಾನು ರಿಪೇರಿ ಮಾಡಲ್ಲ” ಎಂದನಂತೆ.

ಈಗ ಭಾನುವಾರ ಬೆಳಿಗ್ಗೆ ಆ ಹಿತ್ತಲಲ್ಲಿ ಯಜಮಾನರು ಬಕೆಟ್ಟು ಹಿಡಿದು ಸೆಕೆಂಡು ಎಣಿಸುತ್ತಿರುತ್ತಾರೆ. ಎಣಿಕೆ 40 ದಾಟಿದರೆ ಸ್ವಿಚ್ಚು ಆರಿಸಿ ಪಂಪಿನ ಸ್ಪಂಜು ಹಿಂಡುತ್ತಾರೆ. ಮೊಮ್ಮಗಳು “ತಾತ, ಮೂವತ್ತೇಳು!” ಎಂದು ಕೂಗುತ್ತಾಳೆ. ಮೂರನೆಯ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಎರಡು ಬಕೆಟ್ಟು ಹಸಿರು ನೀರು ಇಸಿದುಕೊಂಡು ಸೋರೆ ಬಳ್ಳಿಗೆ ಹಾಕುತ್ತಾರೆ. ಬಳ್ಳಿ ಚಪ್ಪರ ಹತ್ತಿದೆ.

ಮೀನು ಚೆನ್ನಾಗಿದೆಯಾ ಎಂದು ಯಾರೋ ಕೇಳಿದ್ದಕ್ಕೆ ಅಜ್ಜಿ ಕೊಟ್ಟ ಉತ್ತರ: “ಮೀನಿನ ಸುದ್ದಿ ಅವರನ್ನ ಕೇಳಿ. ನಮ್ಮ ನಲ್ಲೀಲಿ ಆರೂ ಕೊಡ ತುಂಬ್ತಾ ಇದೆ, ನನಗೆ ಅಷ್ಟು ಗೊತ್ತು.”

ಯಜಮಾನರಿಗೆ ಪಾಚಿ ಕಂಡರೆ ಈಗಲೂ ಕೈ ತುರಿಸುತ್ತದಂತೆ. ಆ ಬ್ರಷ್ಷನ್ನು ಮನೆಯಾಕೆ ಬಚ್ಚಲುಮನೆಗೆ ಸೇರಿಸಿದ್ದಾರೆ.